ಒಂಬತ್ತು ಮಕ್ಕಳ ತರಗತಿ ಮುಚ್ಚುವ ಮೊದಲು: ನೆಬ್ರಾಸ್ಕಾದ ನಮ್ಮ ಕನ್ನಡ ಬಳಗಕ್ಕೊಂದು ಬಹಿರಂಗ ಪತ್ರ

ಸಮಿತಿಯ ಗೆಳೆಯರಿಗೆ, ಮಕ್ಕಳ ಅಪ್ಪ ಅಮ್ಮಂದಿರಿಗೆ ನಮಸ್ಕಾರ.

ಕಳೆದ ವಾರ ವಾಟ್ಸಾಪ್ ಗುಂಪಿಗೆ ಸಮಿತಿ ಹಾಕಿದ ನಾಲ್ಕು ಸಾಲಿನ ಸಂದೇಶ ಓದಿದೆ. ಭಾನುವಾರದ ಕನ್ನಡ ತರಗತಿಗೆ ಈ ವರ್ಷ ಸೇರಿದವರು ಒಂಬತ್ತೇ ಮಕ್ಕಳು. ಚಿಕ್ಕವನಿಗೆ ಆರು ವರ್ಷ, ದೊಡ್ಡವಳಿಗೆ ಹದಿಮೂರು. ಕಲಿಸುವವರು ಒಬ್ಬರು, ಕೋಣೆಯೂ ಒಂದು. ಹೀಗಿರುವಾಗ ಸರಿಯಾಗಿ ಕಲಿಸುವುದು ಆಗದ ಮಾತು, ಆದ್ದರಿಂದ ತರಗತಿ ನಿಲ್ಲಿಸೋಣ, ಬೇಕಾದವರು ಆನ್‌ಲೈನ್‌ನಲ್ಲಿ ಕಲಿಯಲಿ ಎಂಬುದು ಪ್ರಸ್ತಾವ. ಅದರ ಕೆಳಗೆ ಒಪ್ಪಿಗೆ ಸೂಚಿಸಿ ಹದಿನೇಳು ಹೆಬ್ಬೆರಳು.

ನಾನು ಹೆಬ್ಬೆರಳು ಒತ್ತಲಿಲ್ಲ. ಅಲ್ಲೇ ಉತ್ತರ ಬರೆಯಬಹುದಿತ್ತು, ಆದರೆ ಆ ಗುಂಪಿನಲ್ಲಿ ಮೂರು ಸಾಲು ದಾಟಿದರೆ ಯಾರೂ ಓದುವುದಿಲ್ಲ, ನಡುವೆ ಯಾರದೋ ಹುಟ್ಟುಹಬ್ಬದ ಕೇಕು ಬಂದು ಕೂರುತ್ತದೆ. ಅದಕ್ಕೇ ಈ ಪತ್ರ. ತರಗತಿ ನಿಲ್ಲಿಸಲು ಬೇರೇನು ಕಾರಣ ಕೊಟ್ಟಿದ್ದರೂ ಸುಮ್ಮನಿರುತ್ತಿದ್ದೆನೋ ಏನೋ. ಬಾಡಿಗೆ ಹೆಚ್ಚಾಯಿತು ಅನ್ನಿ, ಭಾನುವಾರ ನಿದ್ದೆ ಬೇಕು ಅನ್ನಿ, ಅರ್ಥವಾಗುತ್ತದೆ. ಒಂದು ಕೋಣೆ, ಒಬ್ಬ ಮೇಷ್ಟ್ರು, ಎಲ್ಲ ವಯಸ್ಸಿನ ಮಕ್ಕಳು, ಹಾಗಾಗಿ ಆಗದು ಎಂಬ ಮಾತನ್ನು ಮಾತ್ರ ನೆಬ್ರಾಸ್ಕಾದಲ್ಲಿ ಕೂತು ಆಡಬಾರದು. ಈ ರಾಜ್ಯ ಓದಲು ಕಲಿತದ್ದೇ ಅಂಥ ಕೋಣೆಗಳಲ್ಲಿ.

ಇಲ್ಲಿನ ರಾಜಧಾನಿ ಲಿಂಕನ್ನಿನಿಂದ 77ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ನಲವತ್ತು ಮೈಲಿ ಹೋದರೆ ಬಿಯಾಟ್ರಿಸ್ ಎಂಬ ಊರು. (ಇಲ್ಲಿಯವರು ಆ 'ಯಾ'ವನ್ನು ಒತ್ತಿ ಹೇಳುತ್ತಾರೆ, ನಾನು ಮೊದಲ ಎರಡು ವರ್ಷ ತಪ್ಪಾಗಿಯೇ ಹೇಳಿಕೊಂಡು ತಿರುಗಿದೆ.) ಊರಿನ ಪಶ್ಚಿಮಕ್ಕೆ ಹೋಂಸ್ಟೆಡ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಿದೆ. ನಿಮ್ಮಲ್ಲಿ ಅನೇಕರು ಹೋಗಿ, ಪ್ರೇರಿ ಎಂಬ ಈ ಹುಲ್ಲುಬಯಲಿನ ಆಳೆತ್ತರದ ಹುಲ್ಲಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದಿದ್ದೀರಿ. ಅಲ್ಲಿಂದ ಕೂಗಳತೆಯಲ್ಲಿ ಕೆಂಪು ಇಟ್ಟಿಗೆಯ ಪುಟ್ಟ ಕಟ್ಟಡವೊಂದಿದೆ, ಅದನ್ನು ಎಷ್ಟು ಜನ ಕಂಡಿದ್ದೀರೋ ತಿಳಿಯದು. ಅದು ಫ್ರೀಮನ್ ಶಾಲೆ. 1872ರಲ್ಲಿ ಕಟ್ಟಿದ್ದು. 1967ರವರೆಗೆ ಅದರಲ್ಲಿ ಪಾಠ ನಡೆಯಿತು. ತೊಂಬತ್ತೈದು ವರ್ಷ, ಒಂದೇ ಕೋಣೆ.

ಒಳಗೆ ಸಾಲು ಡೆಸ್ಕುಗಳು, ಕಬ್ಬಿಣದ ಒಲೆ, ಕರಿಹಲಗೆ. ಇಂಥ ಶಾಲೆಗಳಲ್ಲೆಲ್ಲ ಮುಂದುಗಡೆ ಒಂದು ಉದ್ದ ಬೆಂಚು ಇರುತ್ತಿತ್ತು. ಇಡೀ ವ್ಯವಸ್ಥೆಯ ಗುಟ್ಟು ಆ ಬೆಂಚಿನಲ್ಲಿದೆ. ಟೀಚರ್ ಒಂದು ತರಗತಿಯ ಮಕ್ಕಳನ್ನು ಮಾತ್ರ ಅಲ್ಲಿಗೆ ಕರೆಯುತ್ತಿದ್ದರು, ಮೂರು ಜನವೋ ಇಬ್ಬರೋ, ಕೆಲವೊಮ್ಮೆ ಒಬ್ಬನೇ. ಹತ್ತು ನಿಮಿಷ ಅವರಿಂದ ಓದಿಸಿ, ಬಾಯಿಪಾಠ ಒಪ್ಪಿಸಿಕೊಂಡು, ಹೊಸದೊಂದು ಹೇಳಿಕೊಟ್ಟು, ಸ್ಲೇಟಿನ ಮೇಲೆ ಮಾಡಲು ಕೆಲಸ ಕೊಟ್ಟು ಕಳಿಸುತ್ತಿದ್ದರು. ಆಮೇಲೆ ಮುಂದಿನವರ ಸರದಿ. ಉಳಿದವರು ತಮ್ಮ ಜಾಗದಲ್ಲಿ ಲೆಕ್ಕ ಮಾಡುತ್ತಲೋ ಚಿಕ್ಕವರಿಗೆ ಕಾಗುಣಿತ ತಿದ್ದುತ್ತಲೋ ಇರುತ್ತಿದ್ದರು. ಮುಂದಿನ ಬೆಂಚಿನ ಪಾಠ ಎಲ್ಲರ ಕಿವಿಗೂ ಬೀಳುತ್ತದೆ. ಎರಡನೆಯ ತರಗತಿಯ ಹುಡುಗ ಐದನೆಯದರ ಪಾಠವನ್ನು ಮೂರು ವರ್ಷ ಕೇಳಿಸಿಕೊಂಡು, ಅಲ್ಲಿಗೆ ಮುಟ್ಟುವ ಹೊತ್ತಿಗೆ ಅರ್ಧ ಕಲಿತಿರುತ್ತಾನೆ. ಮರೆತ ಐದನೆಯವನಿಗೆ ಎರಡನೆಯದರ ಪಾಠ ಮತ್ತೆ ಕೇಳುತ್ತದೆ.

ಇದು ನಿಮಗೆ ಹೊಸದೆಂದು ನಟಿಸಬೇಡಿ. ನಮ್ಮಲ್ಲಿ ಕಡಿಮೆಯೆಂದರೂ ಐದಾರು ಜನ ಏಕೋಪಾಧ್ಯಾಯ ಶಾಲೆಯಿಂದಲೇ ಬಂದವರು. ಕೊಪ್ಪದ ಕಡೆಯ ನಮ್ಮೂರ ಶಾಲೆಯಲ್ಲಿ ಒಂದರಿಂದ ನಾಲ್ಕರವರೆಗೆ ಒಬ್ಬರೇ ಮೇಷ್ಟ್ರು. ಅವರು ನಾಲ್ಕನೆಯವರಿಗೆ ಭಾಗಾಕಾರ ಹೇಳುವಾಗ ನಾವು ಒಂದನೆಯವರು ನೆಲದ ಮೇಲೆ ಕೂತು ಅ ಆ ತಿದ್ದುತ್ತಿದ್ದೆವು, ನಡುವೆ ಗೋಡೆಯಿರಲಿಲ್ಲ. ಹದಿನೇಳರ ಮಗ್ಗಿ ನನಗೆ ಬಾಯಿಗೆ ಬಂದದ್ದು ಯಾರೂ ಕಲಿಸದೆ, ಪಕ್ಕದ ಸಾಲಿನವರು ದಿನಾ ಕೂಗುತ್ತಿದ್ದುದರಿಂದ. ಅದಕ್ಕೂ ಹಿಂದೆ ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಿನಲ್ಲಿ ಅಕ್ಷರ ತಿದ್ದಿಸುತ್ತಿದ್ದರು, ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. 18ನೇ ಶತಮಾನದ ಕೊನೆಗೆ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದ್ರಾಸಿನಲ್ಲಿ ಮಕ್ಕಳು ಹೀಗೆ ಮರಳಿನಲ್ಲಿ ಬರೆಯುವುದನ್ನು ಕಂಡು, ತನ್ನ ಅನಾಥಾಲಯದ ಶಾಲೆಯಲ್ಲಿ ಅದನ್ನು ಬಳಸಿ, ದೊಡ್ಡ ಮಕ್ಕಳಿಂದಲೇ ಚಿಕ್ಕವರಿಗೆ ಪಾಠ ಹೇಳಿಸಿ, ಇಂಗ್ಲೆಂಡಿಗೆ ಹೋಗಿ ಅದಕ್ಕೆ 'ಮದ್ರಾಸ್ ಪದ್ಧತಿ' ಎಂದು ಹೆಸರಿಟ್ಟ. ಕರ್ನಾಟಕದ ಸರ್ಕಾರಿ ಶಾಲೆಗಳ ನಲಿ-ಕಲಿಯೂ ಬೇರೆಬೇರೆ ತರಗತಿಯ ಮಕ್ಕಳನ್ನು ಕೂಡಿಸಿಯೇ ಕಲಿಸುವ ಕ್ರಮ. ಹೆಗ್ಗಡದೇವನಕೋಟೆಯ ಸೀಮೆಯಲ್ಲಿ 1990ರ ದಶಕದಲ್ಲಿ ಶುರುವಾದದ್ದು. ಹೀಗಿರುವಾಗ ಒಂಬತ್ತು ಮಕ್ಕಳಿಗೆ ಕಂಗೆಡುವವರು ನಾವು.

ಹಾಗೆಂದು ಪ್ರೇರಿಯ ಶಾಲೆಯನ್ನು ಗೋಡೆಗೆ ತೂಗುಹಾಕುವ ಚಿತ್ರದಂತೆ ನೋಡಬೇಕಿಲ್ಲ. ಫ್ರೀಮನ್ ಶಾಲೆಗೆ ಇಟ್ಟಿಗೆಯ ಭಾಗ್ಯವಿತ್ತು. ರಾಜ್ಯದ ಪಶ್ಚಿಮಕ್ಕೆ ಹೋದಂತೆ ಮರ ಸಿಗದು, ಕಲ್ಲು ಸಿಗದು. ಹುಲ್ಲಿನ ಬೇರು ಗಟ್ಟಿಯಾಗಿ ಹೆಣೆದುಕೊಂಡ ನೆಲವನ್ನು ನೇಗಿಲಿನಿಂದ ಪಟ್ಟಿಪಟ್ಟಿಯಾಗಿ ಎಬ್ಬಿಸಿ, ಆ ಹೆಂಟೆಗಳನ್ನೇ ಇಟ್ಟಿಗೆಯಂತೆ ಪೇರಿಸಿ ಶಾಲೆ ಕಟ್ಟುತ್ತಿದ್ದರು. ಅದಕ್ಕೆ 'ನೆಬ್ರಾಸ್ಕಾ ಅಮೃತಶಿಲೆ' ಎಂಬ ಕುಚೋದ್ಯದ ಹೆಸರು ಬೇರೆ. ಮಳೆ ನಿಂತ ಮೇಲೂ ಎರಡು ದಿನ ಒಳಗೆ ಸೋರುತ್ತಿತ್ತು, ಸೂರಿನಿಂದ ಹಾವು ಇಳಿಯುತ್ತಿತ್ತು. ಒಲೆಗೆ ಸೌದೆಯಿಲ್ಲದೆ ಮೆಕ್ಕೆಜೋಳದ ದಿಂಡು, ಹೊಸೆದ ಹುಲ್ಲು, ಒಣಗಿದ ಸಗಣಿ. ಕುಡಿಯಲು ಒಂದು ಬಕೆಟ್ಟು, ಎಲ್ಲರಿಗೂ ಒಂದೇ ಸೌಟು. ದೊಡ್ಡ ಹುಡುಗರು ಜೋಳ ಕಿತ್ತು ಮುಗಿಸಿದ ಮೇಲೆ ಚಳಿಗಾಲದಲ್ಲಷ್ಟೇ ಶಾಲೆಯ ಕಡೆ ತಲೆಹಾಕುತ್ತಿದ್ದರು. ಟೀಚರುಗಳು ಬಹುಪಾಲು ಎಂಟನೆಯದು ಮುಗಿಸಿ ಒಂದು ಪರೀಕ್ಷೆ ಪಾಸಾದ ಹದಿನೇಳು ಹದಿನೆಂಟರ ಹುಡುಗಿಯರು. ವಾರಕ್ಕೊಬ್ಬರ ಮನೆಯಲ್ಲಿ ಊಟ ವಸತಿ, ಮದುವೆಯಾದರೆ ಕೆಲಸ ಹೋಯಿತು. ಹಿಂದಿನ ಸಾಲಿನ ಕೆಲವು ಹುಡುಗರು ಟೀಚರಿಗಿಂತ ಎತ್ತರ, ವಯಸ್ಸೂ ಅಷ್ಟೇ.

1888ರ ಜನವರಿ 12ರ ಬೆಳಿಗ್ಗೆ ಆ ಕಾಲಕ್ಕೆ ಅಪರೂಪವಾಗಿ ಹಿತವಾದ ಬಿಸಿಲಿತ್ತು. ಎಷ್ಟೋ ಮಕ್ಕಳು ದಪ್ಪ ಕೋಟು ಬಿಟ್ಟು ಶಾಲೆಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಹಿಮದ ಗೋಡೆಯೇ ಎದ್ದು ಬಂತು. ಹಿಟ್ಟಿನಷ್ಟು ನುಣ್ಣಗಿನ ಹಿಮ, ಕಣ್ಣು ಬಿಟ್ಟರೆ ಒಳಗೆ ಹೊಕ್ಕು ರೆಪ್ಪೆ ಅಂಟಿಸುವಂಥದ್ದು. ಡಕೋಟಾ, ನೆಬ್ರಾಸ್ಕಾ, ಮಿನ್ನೆಸೋಟದ ಬಯಲಿನಲ್ಲಿ ಒಟ್ಟು 235 ಜನ ಸತ್ತರೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಶಾಲೆ ಬಿಡುವ ಹೊತ್ತಿಗೇ ಬಂದ ಬಿರುಗಾಳಿಯಾದ್ದರಿಂದ ಅದರಲ್ಲಿ ಮಕ್ಕಳು ಬಹಳ. ಅದಕ್ಕೆ ಈಗಲೂ 'ಶಾಲೆಮನೆಯ ಹಿಮಗಾಳಿ' ಎಂದೇ ಹೆಸರು. ಆರ್ಡ್ ಊರಿನ ಬಳಿಯ ಮೀರಾ ಕಣಿವೆಯಲ್ಲಿ ಮಿನ್ನಿ ಫ್ರೀಮನ್ ಎಂಬ ಯುವ ಟೀಚರ್ ಶಾಲೆಯ ಸೂರು ಗಾಳಿಗೆ ಕಿತ್ತುಹೋದ ಮೇಲೆ ತನ್ನ ಮಕ್ಕಳನ್ನೆಲ್ಲ ಒಟ್ಟುಗೂಡಿಸಿಕೊಂಡು ಹತ್ತಿರದ ತೋಟದ ಮನೆ ಮುಟ್ಟಿಸಿದಳು. ಒಂದೇ ಹಗ್ಗಕ್ಕೆ ಎಲ್ಲರನ್ನೂ ಕಟ್ಟಿದ್ದಳೆಂಬುದು ಪತ್ರಿಕೆಗಳು ಹಬ್ಬಿಸಿದ ಕತೆ, ಅದರ ಬಗ್ಗೆ ತಕರಾರುಗಳಿವೆ. ಹಗ್ಗ ಇತ್ತೋ ಇಲ್ಲವೋ, ಮಕ್ಕಳು ಉಳಿದರು. ಪ್ಲೇನ್‌ವ್ಯೂ ಕಡೆಯ ಲೋಯಿಸ್ ರಾಯ್ಸ್ ಎಂಬ ಇನ್ನೊಬ್ಬ ಟೀಚರಿನ ಜೊತೆಗಿದ್ದ ಮೂವರು ಮಕ್ಕಳು ರಾತ್ರಿ ಅವಳ ಪಕ್ಕದಲ್ಲೇ ಸತ್ತರು, ಅವಳ ಪಾದಗಳು ಹೋದವು. ಆಕೆಯ ಹೆಸರು ಅಷ್ಟು ಜನಕ್ಕೆ ಗೊತ್ತಿಲ್ಲ.

ಇಷ್ಟು ಶಾಲೆಗಳಿಗೆ ದುಡ್ಡು ಬಂದದ್ದೆಲ್ಲಿಂದ? 1785ರ ಭೂ ಕಾಯಿದೆಯಲ್ಲಿ ಇದಕ್ಕೊಂದು ಜಾಣ ಏರ್ಪಾಡಿತ್ತು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಟೌನ್‌ಶಿಪ್ಪನ್ನು 640 ಎಕರೆಯ 36 ಚೌಕಗಳಾಗಿ ಗೆರೆ ಎಳೆದು, 16ನೇ ಚೌಕವನ್ನು ಶಾಲೆಗೆಂದು ಬಿಟ್ಟರು. ನೆಬ್ರಾಸ್ಕಾಕ್ಕೆ 36ನೆಯದೂ ಸೇರಿತು. ನಮ್ಮಲ್ಲಿ ದೇವಸ್ಥಾನಕ್ಕೆ ಮಾನ್ಯದ ಜಮೀನು ಬಿಡುತ್ತಿದ್ದರಲ್ಲ, ಹಾಗೆ. ಮಾರಿದ್ದು ಮಾರಿ, ಈಗಲೂ ಹನ್ನೆರಡು ಲಕ್ಷ ಎಕರೆಗೂ ಹೆಚ್ಚು ಜಮೀನು ರಾಜ್ಯದ ಶಾಲಾ ನಿಧಿಯ ಕೈಯಲ್ಲಿದೆ, ಅದರ ಗೇಣಿ ಮಕ್ಕಳ ಓದಿಗೆ ಹೋಗುತ್ತದೆ. ಆ ಚೌಕಗಳು ಖಾಲಿ ಕಾಗದದ ಮೇಲೆ ಎಳೆದವಲ್ಲ. ಬಿಯಾಟ್ರಿಸ್ ಇರುವ ಗೇಜ್ ಕೌಂಟಿಯ (ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥದ್ದು) ದಕ್ಷಿಣದಲ್ಲಿ ಬಿಗ್ ಬ್ಲೂ ಹೊಳೆಯ ಬದಿಗೆ ಓಟೋ-ಮಿಸೌರಿಯಾ ಎಂಬ ಮೂಲನಿವಾಸಿ ಜನರ ಮೀಸಲು ನೆಲವಿತ್ತು, 1880ರ ದಶಕದ ಆರಂಭಕ್ಕೆ ಅವರನ್ನು ಒಕ್ಲಹೋಮಾಕ್ಕೆ ಸಾಗಹಾಕಿದರು. ಅವರ ಮಕ್ಕಳಂಥವರಿಗೆಂದು 1884ರಲ್ಲಿ ಇದೇ ರಾಜ್ಯದ ಜಿನೋವಾದಲ್ಲಿ ಬೇರೊಂದು ಬಗೆಯ ಶಾಲೆ ತೆರೆಯಿತು. ಅದು ಒಂದು ಕೋಣೆಯದಲ್ಲ, ದೊಡ್ಡ ವಸತಿಶಾಲೆ. ಮನೆಯಿಂದ ದೂರ ತಂದು, ಕೂದಲು ಕತ್ತರಿಸಿ, ಮನೆಮಾತು ಆಡಿದರೆ ದಂಡಿಸುತ್ತಿದ್ದ ಶಾಲೆ. 1934ರವರೆಗೆ ನಡೆಯಿತು. ಒಂದೇ ಬಯಲಿನಲ್ಲಿ ಎರಡು ಬಗೆಯ ಶಾಲೆ.

ಫ್ರೀಮನ್ ಶಾಲೆಯ ಪಕ್ಕದ ಜಮೀನು ಡೇನಿಯಲ್ ಫ್ರೀಮನ್ ಎಂಬವನದು. 1862ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಸಹಿ ಹಾಕಿದ ಹೋಂಸ್ಟೆಡ್ ಕಾಯಿದೆಯ ಪ್ರಕಾರ ಐದು ವರ್ಷ ಉಳುಮೆ ಮಾಡಿಕೊಂಡು ನೆಲೆಸಿದವರಿಗೆ 160 ಎಕರೆ ಬಿಟ್ಟಿ, ಅರ್ಜಿಯ ಖರ್ಚು ಬಿಟ್ಟರೆ. ಕಾಯಿದೆ ಜಾರಿಗೆ ಬಂದ 1863ರ ಜನವರಿ 1ರಂದೇ ಅರ್ಜಿ ಹಾಕಿದವನು ಈತ. ಉದ್ಯಾನ ಅಲ್ಲಿರುವುದೇ ಆ ಕಾರಣಕ್ಕೆ. ನನಗೆ ಈ ಮನುಷ್ಯ ಇಷ್ಟವಾಗುವುದು ಮೊದಲಿಗನೆಂಬುದಕ್ಕಲ್ಲ, ಇಳಿವಯಸ್ಸಿನಲ್ಲಿ ತೆಗೆದ ಜಗಳಕ್ಕೆ. 1899ರಲ್ಲಿ, ಎಪ್ಪತ್ತು ದಾಟಿದ ಮೇಲೆ, ತನ್ನೂರ ಶಾಲೆಯಲ್ಲಿ ಟೀಚರ್ ಬೆಳಿಗ್ಗೆ ಬೈಬಲ್ ಓದಿಸಿ ಪ್ರಾರ್ಥನೆ ಮಾಡಿಸುತ್ತಾಳೆಂದು ತಕರಾರು ಎತ್ತಿದ. ಶಾಲಾ ಮಂಡಳಿ ಟೀಚರಿನ ಪರ ನಿಂತಿತು. ಮಂಡಳಿಯವರೆಂದರೆ ಅಕ್ಕಪಕ್ಕದ ರೈತರೇ, ದಿನಾ ಮುಖ ನೋಡಬೇಕಾದವರು. ಕೆಳಗಿನ ಕೋರ್ಟಿನಲ್ಲಿ ಸೋತ. ಬಿಡಲಿಲ್ಲ. 1902ರಲ್ಲಿ ನೆಬ್ರಾಸ್ಕಾದ ಸುಪ್ರೀಂ ಕೋರ್ಟು ಅವನ ಕಡೆ ತೀರ್ಪು ಕೊಟ್ಟಿತು. ಸಾರ್ವಜನಿಕ ಶಾಲೆಯಲ್ಲಿ ಪಂಥದ ಬೋಧನೆ ಸಲ್ಲದು ಎಂದಿತು. ಅಮೆರಿಕದ ಸುಪ್ರೀಂ ಕೋರ್ಟು ಶಾಲೆಯ ಬೈಬಲ್ ವಾಚನದ ಬಗ್ಗೆ ಅಂಥದೇ ಮಾತು ಹೇಳಿದ್ದು 1963ರಲ್ಲಿ. ಊರಿನ ಒಂದು ಕೋಣೆಯ ಗಲಾಟೆ ಅರವತ್ತು ವರ್ಷ ಮುಂದಿತ್ತು.

ಈಗ ನಮಗೆ ನೇರವಾಗಿ ಸಂಬಂಧಿಸಿದ ಕತೆ. ಇದಕ್ಕೆ ಲಿಂಕನ್ನಿನಿಂದ ಪಶ್ಚಿಮಕ್ಕೆ, ಹ್ಯಾಮಿಲ್ಟನ್ ಕೌಂಟಿಯ ಹ್ಯಾಂಪ್ಟನ್ ಊರಿನ ಕಡೆ ಹೋಗಬೇಕು. ಅಲ್ಲಿ ಜಯಾನ್ ಲೂಥರನ್ ಎಂಬ ಪ್ರಾಟೆಸ್ಟಂಟ್ ಚರ್ಚಿನವರ ಒಂದು ಕೋಣೆಯ ಶಾಲೆಯಿತ್ತು, ರಾಬರ್ಟ್ ಮೇಯರ್ ಎಂಬ ಮೇಷ್ಟ್ರು. ಊರಿನವರು ಜರ್ಮನ್ ಮೂಲದವರು, ಚರ್ಚಿನ ಮಾತೂ ಜರ್ಮನ್ನೇ. ಮೊದಲ ಮಹಾಯುದ್ಧಕ್ಕೆ ಮುಂಚೆ ನೆಬ್ರಾಸ್ಕಾ ಇದರಲ್ಲಿ ಬಹಳ ಉದಾರಿ. 1913ರ ಕಾಯಿದೆಯೊಂದರಂತೆ 50 ಪೋಷಕರು ಅರ್ಜಿ ಕೊಟ್ಟರೆ ಸಾರ್ವಜನಿಕ ಶಾಲೆಯಲ್ಲೇ, ನಾಲ್ಕನೇ ತರಗತಿಯ ಮೇಲಿನ ಮಕ್ಕಳಿಗೆ, ಅವರು ಕೇಳಿದ ಯೂರೋಪಿನ ಭಾಷೆ ಕಲಿಸಬೇಕಿತ್ತು. ಯುದ್ಧ ಬಂತು, ಜರ್ಮನ್ ಎಂದರೆ ದ್ರೋಹ ಎನ್ನುವಂತಾಯಿತು. 1919ರಲ್ಲಿ ಬಂದ ಸೈಮನ್ ಕಾಯಿದೆ, ಎಂಟನೇ ತರಗತಿ ಪಾಸಾಗದ ಯಾವ ಮಗುವಿಗೂ ಯಾವ ಶಾಲೆಯಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸಕೂಡದು ಎಂದಿತು. ಖಾಸಗಿ ಶಾಲೆ, ಚರ್ಚಿನ ಶಾಲೆ, ಎಲ್ಲಕ್ಕೂ.

ಚರ್ಚಿನವರು ಒಂದು ಉಪಾಯ ಮಾಡಿದರು. ಮಧ್ಯಾಹ್ನದ ಬಿಡುವನ್ನು ಅರ್ಧ ಗಂಟೆ ಹಿಗ್ಗಿಸಿ, ಅದು ಶಾಲೆಯ ಹೊತ್ತೇ ಅಲ್ಲವೆಂದು ಆಗ ಜರ್ಮನ್ ಹೇಳಿಕೊಟ್ಟರು. 1920ರ ಮೇ 25ರಂದು ಮೇಯರ್ ಹತ್ತು ವರ್ಷದ ಹುಡುಗನೊಬ್ಬನಿಂದ ಬೈಬಲ್ ಕತೆಗಳ ಜರ್ಮನ್ ಪುಸ್ತಕ ಓದಿಸುತ್ತಿದ್ದಾಗ ಕೌಂಟಿಯ ಸರ್ಕಾರಿ ವಕೀಲ ಬಾಗಿಲಲ್ಲಿ ಬಂದು ನಿಂತ. ಆ ಗಳಿಗೆಯಲ್ಲಿ ಇಂಗ್ಲಿಷಿಗೆ ಹೊರಳಿದ್ದರೆ ಏನೂ ಆಗುತ್ತಿರಲಿಲ್ಲವೆಂದು ಮೇಷ್ಟ್ರಿಗೆ ಗೊತ್ತಿತ್ತು. ಆತ ಹೊರಳಲಿಲ್ಲ, ಪಾಠ ಜರ್ಮನ್ನಿನಲ್ಲೇ ಮುಂದುವರಿಯಿತು. 25 ಡಾಲರ್ ದಂಡ ಬಿತ್ತು. ಕಟ್ಟಲೊಪ್ಪಲಿಲ್ಲ. ರಾಜ್ಯದ ಸುಪ್ರೀಂ ಕೋರ್ಟು ದಂಡವನ್ನು ಎತ್ತಿಹಿಡಿಯಿತು. ಆರ್ಥರ್ ಮಲನ್ ಎಂಬ ಒಮಾಹಾದ ಕ್ಯಾಥೊಲಿಕ್ ವಕೀಲ ಆ ಲೂಥರನ್ ಮೇಷ್ಟ್ರ ಪರವಾಗಿ ವಾಷಿಂಗ್ಟನ್ನಿನವರೆಗೆ ವಾದಿಸಿದ. 1923ರ ಜೂನ್ 4ರಂದು ಅಮೆರಿಕದ ಸುಪ್ರೀಂ ಕೋರ್ಟು ಏಳು ಎರಡರ ಬಹುಮತದಿಂದ ಮೇಯರ್ ಕಡೆಗೆ ಹೇಳಿತು. ಭಾಷೆ ಕಲಿಸುವ ಮೇಷ್ಟ್ರ ಹಕ್ಕು, ಕಲಿಸಿಸುವ ತಂದೆತಾಯಿಯರ ಹಕ್ಕು, ಎರಡೂ ಸಂವಿಧಾನ ಕಾಯುವ ಸ್ವಾತಂತ್ರ್ಯದೊಳಗೆ ಸೇರಿವೆ ಎಂದಿತು. ಒಪ್ಪದ ಇಬ್ಬರಲ್ಲಿ ಹೋಮ್ಸ್ ಒಬ್ಬ; ಎಲ್ಲರೂ ಗೌರವದಿಂದ ಹೆಸರೆತ್ತುವ ನ್ಯಾಯಮೂರ್ತಿ. ದೊಡ್ಡವರೂ ಎಡವುತ್ತಾರೆ.

ಪೋಷಕರ ಹಕ್ಕಿನ ಈ ವಾದ ಎತ್ತ ಬೇಕಾದರೂ ತಿರುಗುತ್ತದೆ ಎಂಬುದು ಬೇರೆ ಮಾತು. 2014ರಲ್ಲಿ ಕರ್ನಾಟಕದ ಭಾಷಾ ಮಾಧ್ಯಮದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಾಗ ಪೋಷಕರ ಆಯ್ಕೆ ಇಂಗ್ಲಿಷಿನ ಕಡೆಗಿತ್ತು. ಇಲ್ಲಿ ಮಾತ್ರ, ಈ ರಾಜ್ಯದಲ್ಲಿ, ಭಾನುವಾರ ಒಂದು ಕೋಣೆಯಲ್ಲಿ ಕೂತು ಆರು ವರ್ಷದ ಮಗುವಿಗೆ ನಾವು 'ಅರಸ, ಆಟ' ಎಂದು ಹೇಳಿಕೊಡುವುದರ ಹಿಂದೆ ಆ ಹ್ಯಾಂಪ್ಟನ್ನಿನ ಕೋಣೆಯಿದೆ.

ಮೊಕದ್ದಮೆ ಗೆದ್ದ ಮೇಲೆ ಆದದ್ದನ್ನು ಹೇಳದಿದ್ದರೆ ನಾನು ಅರ್ಧ ಕತೆ ಹೇಳಿದಂತೆ. ಗೆದ್ದ ನಂತರವೂ ಜರ್ಮನ್ ಉಳಿಯಲಿಲ್ಲ. ಆ ಊರುಗಳ ಶಾಲೆಗಳಲ್ಲಿ, ಆಮೇಲೆ ಚರ್ಚುಗಳಲ್ಲಿ, ಒಂದೆರಡು ತಲೆಮಾರಿನಲ್ಲೇ ಅದು ಕರಗಿತು. ನಿಷೇಧ ಬಂದಾಗ ಸೆಟೆದು ನಿಂತವರ ಮನೆಗಳಲ್ಲಿ, ಯಾರೂ ತಡೆಯದಿದ್ದಾಗ ಮಾತು ಸುಮ್ಮನೆ ಬಿಟ್ಟುಹೋಯಿತು. ಇವತ್ತು ಆ ಕಡೆಯ ಸ್ಮಶಾನಗಳಲ್ಲಿ ಹಳೆಯ ಸಮಾಧಿ ಕಲ್ಲುಗಳ ಮೇಲೆ ಜರ್ಮನ್ ಅಕ್ಷರಗಳಿವೆ. ನಮ್ಮ ತರಗತಿಯ ಬಾಗಿಲಿಗೆ ಯಾವ ಸರ್ಕಾರಿ ವಕೀಲನೂ ಬಂದು ನಿಂತಿಲ್ಲ. ಬಂದು ನಿಂತಿರುವುದು ಹದಿನೇಳು ಹೆಬ್ಬೆರಳು.

ಒಂದು ಕೋಣೆಯ ಶಾಲೆಗಳೂ ಕೊನೆಗೆ ಮುಚ್ಚಿದವು, ಅದನ್ನೇಕೆ ಮುಚ್ಚಿಡಲಿ. ಒಂದು ಕಾಲಕ್ಕೆ ನೆಬ್ರಾಸ್ಕಾದಲ್ಲಿ ಸುಮಾರು 7,000 ಶಾಲಾ ಜಿಲ್ಲೆಗಳಿದ್ದವು (ಒಂದೊಂದೂ ತನ್ನ ಸುತ್ತಿನ ಶಾಲೆ ನಡೆಸುವ ಪುಟ್ಟ ಆಡಳಿತ), ಈಗ 250ಕ್ಕಿಂತ ಕಡಿಮೆ. ಕಾರು ಬಂತು, ರಸ್ತೆ ಬಂತು, ಟ್ರ್ಯಾಕ್ಟರ್ ಬಂದು ಹತ್ತು ಕುಟುಂಬದ ಹೊಲ ಒಬ್ಬನ ಕೈಗೆ ಹೋಯಿತು, ಮಕ್ಕಳೇ ಇಲ್ಲವಾದರು. ಹಳ್ಳಿಗಳ ಪ್ರಾಥಮಿಕ ಶಾಲೆಗಳಷ್ಟೇ ಇದ್ದ ಕೊನೆಯ ಜಿಲ್ಲೆಗಳನ್ನು 2005ರ ಕಾನೂನು ದೊಡ್ಡ ಜಿಲ್ಲೆಗಳಲ್ಲಿ ಕರಗಿಸಿತು. 2006ರ ನವೆಂಬರಿನಲ್ಲಿ ಮತದಾರರು ಆ ಕಾನೂನನ್ನೇ ರದ್ದು ಮಾಡಿದರು, ಆದರೆ ಅಷ್ಟರಲ್ಲಿ ಬೇಸಿಗೆಯಲ್ಲೇ ಜಿಲ್ಲೆಗಳು ಇಲ್ಲವಾಗಿದ್ದವು. ಮತ್ತೆ ಕಟ್ಟುವುದಕ್ಕೆ ಹಳೆಯದು ಏನೂ ಉಳಿದಿರಲಿಲ್ಲ. ಸಮಿತಿಯವರು 'ಸದ್ಯಕ್ಕೆ ನಿಲ್ಲಿಸೋಣ, ಮಕ್ಕಳು ಹೆಚ್ಚಾದರೆ ಮತ್ತೆ ಶುರುಮಾಡೋಣ' ಎಂದಾಗ ನನಗೆ ನೆನಪಾದದ್ದು ಇದು. ಆ ಶಾಲೆಗಳು ಮಕ್ಕಳಿಲ್ಲದೆ ಮುಚ್ಚಿದವು. ನಮ್ಮಲ್ಲಿ ಒಂಬತ್ತು ಜನ ಇದ್ದಾರೆ.

ಆನ್‌ಲೈನ್ ಕೋರ್ಸು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನನ್ನ ಮಗಳು ಅದರಲ್ಲೂ ಕೂತಿದ್ದಾಳೆ, ಒತ್ತಕ್ಷರ ಚೆನ್ನಾಗಿ ಬರುತ್ತದೆ. ಅಲ್ಲಿ ಅವಳ ವಯಸ್ಸಿನವರೇ ಇದ್ದಾರೆ, ಎಲ್ಲರೂ ಮೈಕ್ ಮುಚ್ಚಿಕೊಂಡು. ಭಾನುವಾರದ ಕೋಣೆಯಲ್ಲಿ ಆರು ವರ್ಷದ ಹುಡುಗ 'ಳ' ಬರೆಯಲಾರದೆ ಅತ್ತಾಗ ಅವನ ಕೈ ಹಿಡಿದು ತಿದ್ದಿಸಿದವಳು ಇವಳೇ. ತಿದ್ದಿಸುವಾಗ ತಾನು ಕನ್ನಡದಲ್ಲಿ ಮಾತಾಡುತ್ತಿದ್ದೇನೆಂಬುದು ಅವಳಿಗೆ ಮರೆತುಹೋಗಿತ್ತು.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಮುಂದಿನ ಸಮಿತಿ ಸಭೆಯಲ್ಲಿ ಪ್ರಸ್ತಾವವನ್ನು ಮತಕ್ಕೆ ಹಾಕಬೇಡಿ, ಯುಗಾದಿಯವರೆಗೆ ತಡೆಯಿರಿ. ಅಲ್ಲಿಯವರೆಗೆ ತರಗತಿಯನ್ನು ಬೆಂಚಿನ ಕ್ರಮದಲ್ಲಿ ನಡೆಸಿ ನೋಡೋಣ. ಮಕ್ಕಳನ್ನು ಮೂರು ಗುಂಪು ಮಾಡಿ, ಒಂದೊಂದಕ್ಕೆ ಹದಿನೈದು ನಿಮಿಷ ಮುಂದಿನ ಬೆಂಚು, ಉಳಿದ ಹೊತ್ತು ಬರವಣಿಗೆ, ಕೊನೆಯ ಕಾಲು ಗಂಟೆ ದೊಡ್ಡವರು ಚಿಕ್ಕವರಿಗೆ ಕತೆ ಓದಿ ಹೇಳುವುದು. ಈಗ ಕಲಿಸುತ್ತಿರುವವರಿಗೆ ತಿಂಗಳಿಗೆ ಒಂದು ಭಾನುವಾರ ಬಿಡುವು ಬೇಕಂತೆ, ನ್ಯಾಯವೇ. ಆ ಭಾನುವಾರ ನಾನು ಬರುತ್ತೇನೆ. ನನಗೆ ವ್ಯಾಕರಣ ಬಾರದು, ಮಗ್ಗಿ ಬರುತ್ತದೆ.

ಇನ್ನೊಂದು ವಿಷಯ. ಮೇ ತಿಂಗಳಲ್ಲಿ ಹಿಮ ಕರಗಿದ ಮೇಲೆ ಮಕ್ಕಳನ್ನು ಫ್ರೀಮನ್ ಶಾಲೆಗೆ ಕರೆದುಕೊಂಡು ಹೋಗೋಣ. ನಮ್ಮ ಮನೆಯ ವ್ಯಾನಿನಲ್ಲಿ ಏಳು ಸೀಟಿದೆ, ಇನ್ನೊಂದು ಕಾರು ಬೇಕು. ಬುತ್ತಿ ಚಿತ್ರಾನ್ನ. ಯಾರು ಬರುತ್ತೀರಿ ಹೇಳಿ, ಈ ಸಲ ಹೆಬ್ಬೆರಳು ಒತ್ತಿದರೂ ಸಾಕು.

ಇಂತಿ ನಿಮ್ಮ,
ಹಿಂದಿನ ಸಾಲಿನ ಒಬ್ಬ ಪೋಷಕ